ಗುಡ್ಡದ ಓಟ ಮತ್ತು ಕೊನೆಗೆ ಬರುವವನ ನೀರು

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ದಿನ ಕುಮಾರಪಟ್ಟಣದಲ್ಲಿ ಮಾಡಿದ ಭಾಷಣದ ಬರಹರೂಪ)

 

ನಮ್ಮ ಊರಿನ ಕೆಲವು ಯುವಕರು ಟ್ರಸ್ಟಿಗೆ ಒಂದು ಅರ್ಜಿ ಕೊಟ್ಟಿದ್ದಾರೆ. ಮುಂದಿನ ಚಳಿಗಾಲದಲ್ಲಿ ಗುಡ್ಡದ ಕಾಲುದಾರಿಯ ಮೇಲೆ ಅರ್ಧ ಮ್ಯಾರಥಾನ್ ಓಟ ಏರ್ಪಡಿಸಬೇಕು, ಟ್ರಸ್ಟು ಮುಂದೆ ನಿಲ್ಲಬೇಕು ಎಂಬುದು ಅವರ ಕೋರಿಕೆ. ಕಮಿಟಿಯಲ್ಲಿ ಎರಡು ಮಾತು ಕೇಳಿಬಂದವು. ಫೀಸು ಕಟ್ಟಲಾಗದ ಮಕ್ಕಳ ಅರ್ಜಿಗಳೇ ಇಷ್ಟೊಂದು ಇರುವಾಗ ಓಟದ ಉಸಾಬರಿ ನಮಗೇಕೆ ಎಂದು ಹಿರಿಯರು ಕೇಳಿದರು. ಓದು ಓದು ಎಂದು ಮಕ್ಕಳನ್ನು ಕೂರಿಸಿಯೇ ಇಟ್ಟರೆ ಮುಂದೆ ಅವರ ಮೈ ಏನಾಗಬೇಕು ಎಂದು ಯುವಕರು ಕೇಳಿದರು. ದೈಹಿಕ ಶಿಕ್ಷಣ ಕಲಿಸಿದವನು ನೀನು, ನೀನೇ ಹೇಳು ಎಂದು ಅಧ್ಯಕ್ಷರು ನನ್ನನ್ನು ನಿಲ್ಲಿಸಿದ್ದಾರೆ.

ಮೊದಲು ಈ ಓಟ ಎಂದರೇನು ಎಂಬುದನ್ನು ತಿಳಿಯೋಣ. ಪೂರ್ಣ ಮ್ಯಾರಥಾನ್ 42.195 ಕಿ.ಮೀ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ದೂರವೇ ಮುಂದೆ ನಿಯಮವಾಯಿತು. ಅದರ ಅರ್ಧ 21 ಕಿ.ಮೀ. ಮತ್ತು ತೊಂಬತ್ತೇಳೂವರೆ ಮೀಟರ್. ಹೆಚ್ಚುಕಡಿಮೆ ಇಲ್ಲಿಂದ ರಾಣೇಬೆನ್ನೂರಿನಷ್ಟು ದೂರ. ಹೆದ್ದಾರಿಯ ಮೇಲಾದರೆ ಚೆನ್ನಾಗಿ ಅಭ್ಯಾಸ ಮಾಡಿದ ಹುಡುಗ ಒಂದೂವರೆ ತಾಸಿನಲ್ಲಿ ಮುಗಿಸುತ್ತಾನೆ, ನನ್ನ ವಯಸ್ಸಿನವರು ಎರಡೂವರೆ ಮೂರು ತಾಸು ತೆಗೆದುಕೊಳ್ಳುತ್ತಾರೆ. ಅದೇ ದೂರವನ್ನು ಕಲ್ಲು, ಮಣ್ಣು, ಏರು, ಇಳಿಜಾರಿನ ದಾರಿಯಲ್ಲಿ ಓಡಿದರೆ ಲೆಕ್ಕವೇ ಬೇರೆ. ನೂರು ಮೀಟರ್ ಎತ್ತರ ಹತ್ತಿದರೆ ಸಪಾಟು ನೆಲದಲ್ಲಿ ಇನ್ನೊಂದು ಕಿ.ಮೀ. ಓಡಿದಷ್ಟು ದಣಿವು ಎಂದು ಓಟಗಾರರು ಅಂದಾಜು ಹಾಕುತ್ತಾರೆ. ಹಾಗಾಗಿ ಗುಡ್ಡದ ಓಟದಲ್ಲಿ ಸಮಯ ಹೇಳಿಕೊಳ್ಳುವುದರಲ್ಲಿ ಅರ್ಥವಿಲ್ಲ. ಮುಗಿಸಿದೆಯಾ ಎಂದಷ್ಟೇ ಕೇಳಬೇಕು.

ನಮ್ಮ ರಾಜ್ಯದಲ್ಲಿ ಇದು ಹೊಸದೇನಲ್ಲ. ಶ್ರೀರಂಗಪಟ್ಟಣದ ಬಳಿ ಕಾಲುವೆ ದಂಡೆಯ ಮಣ್ಣುಹಾದಿಯಲ್ಲಿ ಕಾವೇರಿ ಟ್ರೇಲ್ ಮ್ಯಾರಥಾನ್ ನಡೆಯುತ್ತ ಬಂದಿದೆ. ಅದು ಗದ್ದೆ ಬಯಲಿನ ಓಟ, ಏರು ಕಡಿಮೆ. ಚಿಕ್ಕಮಗಳೂರಿನ ಕಡೆ ಕಾಫಿ ತೋಟಗಳ ನಡುವೆ 2016ರಿಂದ ಮಲ್ನಾಡ್ ಅಲ್ಟ್ರಾ ಎಂಬ ಓಟವಿದೆ. ಅಲ್ಲಿ ಐವತ್ತು, ನೂರು ಕಿ.ಮೀ. ಓಡುವವರೂ ಇದ್ದಾರೆ, ಕತ್ತಲಾದ ಮೇಲೆ ಹಣೆಗೆ ದೀಪ ಕಟ್ಟಿಕೊಂಡು ಓಡುತ್ತಾರೆ. ಬಂದವರಲ್ಲಿ ದೊಡ್ಡ ಊರಿನ ಉದ್ಯೋಗಸ್ಥರೇ ಜಾಸ್ತಿ. ಗುಡ್ಡ ಸಣ್ಣ ಊರಿನದು, ಓಡುವವರು ದೊಡ್ಡ ಊರಿನವರು. ಇದನ್ನು ದೂರಾಗಿ ಹೇಳುತ್ತಿಲ್ಲ. ಆದರೆ ಸಣ್ಣ ಊರಿನವರೇ ಓಟ ಮಾಡುವುದಾದರೆ ಅದು ನಮ್ಮ ಮಕ್ಕಳು ಓಡುವ ಓಟವಾಗಬೇಕು ಎನ್ನುವುದು ನನ್ನ ಆಸೆ.

ಕುಮಾರಪಟ್ಟಣ ಹೊಳೆಯ ದಂಡೆಯ ಊರು, ಇಲ್ಲಿ ಗುಡ್ಡವೆಲ್ಲಿ ಎಂದು ಯಾರೋ ನಕ್ಕರು. ರಾಣೇಬೆನ್ನೂರಿನ ಆಚೆ ದೇವರಗುಡ್ಡವಿದೆ, ಅದರ ಸುತ್ತಲಿನ ಹಳ್ಳಿಗಳ ಬಂಡಿದಾರಿಗಳಿವೆ. ಮಾಲತೇಶನ ಸನ್ನಿಧಿ ಅದು. ದಸರೆಯ ಕಾರಣಿಕಕ್ಕೆ ಅಲ್ಲಿ ಸೇರುವ ಜನವನ್ನು ನೀವು ಬಲ್ಲಿರಿ. ಆ ಸಮಯ ಬಿಟ್ಟು, ದೇವಸ್ಥಾನದವರನ್ನೂ ಗ್ರಾಮ ಪಂಚಾಯಿತಿಯವರನ್ನೂ ಮೊದಲು ಕಂಡು, ಅವರೂ ನಮ್ಮ ಜೊತೆಗೇ ನಿಂತರೆ ಮಾತ್ರ ಆ ದಾರಿ ಹಿಡಿಯಬೇಕು. ಹುಡುಗರ ನಕ್ಷೆಯಲ್ಲಿ ಕೃಷ್ಣಮೃಗ ಅಭಯಾರಣ್ಯದ ಒಳಗಿನ ದಾರಿಯೂ ಇತ್ತು. ಅದನ್ನು ಕೈಬಿಡಿ ಎಂದು ಹೇಳಿದ್ದೇನೆ. 1974ರಲ್ಲಿ ಘೋಷಿಸಿದ, 119 ಚದರ ಕಿ.ಮೀ.ಗಳ ಆ ಕಾಡು ಚಿಗರಿಗಳಿಗೂ ತೋಳಗಳಿಗೂ ಬಿಟ್ಟ ಜಾಗ. ಅನುಮತಿ ಸಿಕ್ಕರೂ ಬೇಡ. ನೂರು ಜನ ಸೀಟಿ ಊದುತ್ತ ನುಗ್ಗುವ ಜಾಗವಲ್ಲ ಅದು.

ಕಾಲ ಯಾವುದು? ಬೇಸಿಗೆಯ ಮಾತೇ ಬೇಡ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಜೋರಾದ ಮೇಲೆ ಆ ಕಡೆಯ ಕುಟುಂಬಗಳಿಗೆ ಒಂದು ದಿನವೂ ಬಿಡುವಿರುವುದಿಲ್ಲ. ನವೆಂಬರ್ ಕೊನೆ, ಡಿಸೆಂಬರ್ ಒಳ್ಳೆಯದು. ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಕೆಲವೇ ವರ್ಷಗಳಲ್ಲಿ ಅದು ಜನವರಿಗೂ ಡಿಸೆಂಬರಿಗೂ ಬರುತ್ತದೆ. 2030ನೇ ಇಸವಿಯಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ, ಎರಡು ಸಲ ರಂಜಾನ್ ಶುರುವಾಗುತ್ತದೆ. ಈಗಲೇ ಕ್ಯಾಲೆಂಡರ್ ನೋಡಿಕೊಳ್ಳಲಿ. ಓಟ ಶುರುವಾಗುವುದು ಫಜ್ರ್ ನಮಾಜು ಮುಗಿಸಿ ಬರಲು ಸಮಯ ಸಿಗುವಂತಿರಲಿ. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗುವವರಿದ್ದರೆ ಅವರನ್ನೂ ಒಂದು ಮಾತು ಕೇಳಲಿ.

ಇನ್ನು ಮೈಯ ವಿಷಯ. ಗುಡ್ಡ ಹತ್ತುವುದು ಕಷ್ಟ, ಇಳಿಯುವುದು ಸುಲಭ ಎಂದು ಎಲ್ಲರೂ ತಿಳಿದಿರುತ್ತಾರೆ. ಓಟದಲ್ಲಿ ಇದು ತಿರುವುಮುರುವು. ಹತ್ತುವಾಗ ಉಸಿರು ಕಟ್ಟುತ್ತದೆ ನಿಜ, ಆದರೆ ಉಸಿರೇ ನಿಮ್ಮನ್ನು ತಡೆಯುತ್ತದೆ, ನೀವು ನಿಧಾನ ಮಾಡುತ್ತೀರಿ. ಇಳಿಯುವಾಗ ತಡೆಯುವವರು ಯಾರೂ ಇಲ್ಲ. ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಭಾರ ಹೊರಬೇಕು. ಪ್ರತಿ ಹೆಜ್ಜೆಗೂ ಅವುಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ಅದರ ನೋವು ಆ ದಿನ ಗೊತ್ತಾಗುವುದಿಲ್ಲ. ಮರುದಿನ, ಅದರ ಮರುದಿನ ಮೆಟ್ಟಿಲಿಳಿಯುವಾಗ ತಿಳಿಯುತ್ತದೆ. ಸಡಿಲ ಕಲ್ಲಿನ ಮೇಲೆ ಪಾದ ತಿರುಚುವುದೂ ಇಳಿಜಾರಿನಲ್ಲೇ. ಆದ್ದರಿಂದ ಗುಡ್ಡದ ಓಟಗಾರರು ಏರಿನಲ್ಲಿ ನಾಚಿಕೆಯಿಲ್ಲದೆ ನಡೆಯುತ್ತಾರೆ, ಕೈಯನ್ನು ಮೊಣಕಾಲ ಮೇಲೂರಿ ನಡೆಯುತ್ತಾರೆ. ಇಳಿಜಾರಿನಲ್ಲಿ ಚಿಕ್ಕ ಚಿಕ್ಕ ಹೆಜ್ಜೆಯಿಟ್ಟು, ಕಣ್ಣನ್ನು ನಾಲ್ಕು ಮಾರು ಮುಂದಿಟ್ಟು ಬರುತ್ತಾರೆ. ನಮ್ಮ ಹುಡುಗರು ಮಾಡುವುದು ಸರಿಯಾಗಿ ಇದರ ಉಲ್ಟಾ. ಮೊದಲ ಏರನ್ನೇ ಚಪ್ಪಾಳೆಗಾಗಿ ಓಡಿ ಹತ್ತುತ್ತಾರೆ, ಹದಿನೈದನೇ ಕಿ.ಮೀ.ಗೆ ಮರದ ಕೆಳಗೆ ಕೂತಿರುತ್ತಾರೆ.

ಗುಡ್ಡವಿಲ್ಲದ ಊರಿನಲ್ಲಿ ಅಭ್ಯಾಸ ಹೇಗೆ? ಮೇಲ್ಸೇತುವೆಯ ಏರು ಸಾಕು. ಅದನ್ನೇ ವಾರಕ್ಕೊಮ್ಮೆ ಎಂಟು ಹತ್ತು ಸಲ ಹತ್ತಿ ಇಳಿಯಬೇಕು. ಶಾಲೆಯ ಮೆಟ್ಟಿಲಾದರೂ ಆದೀತು. ಮೂರರಿಂದ ನಾಲ್ಕು ತಿಂಗಳ ತಯಾರಿ ಬೇಕು. ವಾರಕ್ಕೊಂದು ದಿನ ದೂರದ ಓಟ, ಅದನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋಗುವುದು. ಪಾಳಿ ಕೆಲಸದವರು ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆ ಓಡಬಾರದು, ಮೊದಲು ನಿದ್ದೆ. ಓಡುವಾಗ ಎದೆನೋವು ಬರುವವರು, ಒಮ್ಮೆಯಾದರೂ ಪ್ರಜ್ಞೆ ತಪ್ಪಿ ಬಿದ್ದವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ಕಾಯಿಲೆಯಿಂದ ಹೋದವರು ಇರುವಂಥವರು, ಇವರೆಲ್ಲ ವೈದ್ಯರಿಗೆ ತೋರಿಸಿಯೇ ಹೆಸರು ಕೊಡಬೇಕು. ಇದರಲ್ಲಿ ಸಂಕೋಚ ಬೇಡ.

ಪಾಳಿ ಕೆಲಸದ ಮಾತು ಬಂತು. 1970ರ ದಶಕದಿಂದ ಈ ಊರು ಪಲ್ಪು ಮತ್ತು ನಾರಿನ ಕಾರ್ಖಾನೆಯ ಊರು. ಇಲ್ಲಿ ಕೂತಿರುವ ಎಷ್ಟೋ ತಂದೆಯರು ಸೈರನ್ನಿಗೆ ಬದುಕನ್ನು ಹೊಂದಿಸಿಕೊಂಡವರು. ನಿಮಗಾಗಿ ಒಬ್ಬನ ಹೆಸರು ಹೇಳುತ್ತೇನೆ. ಅಲ್ಜೀರಿಯಾದಲ್ಲಿ ಹುಟ್ಟಿದ ಬೂಗೆರಾ ಎಲ್ ಊಆಫಿ. ಪ್ಯಾರಿಸ್ಸಿನ ಹತ್ತಿರ ರೆನೋ ಕಾರು ಕಾರ್ಖಾನೆಯಲ್ಲಿ ಕೆಲಸಗಾರನಾಗಿದ್ದವನು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಪರವಾಗಿ ಓಡಿ, 2 ತಾಸು 32 ನಿಮಿಷ 57 ಸೆಕೆಂಡುಗಳಲ್ಲಿ ಮ್ಯಾರಥಾನ್ ಗೆದ್ದ. ಆಮೇಲೆ ಅಮೆರಿಕದಲ್ಲಿ ಹಣಕ್ಕಾಗಿ ಓಡಿದ ಎಂದು ಹವ್ಯಾಸಿ ಓಟದಿಂದ ಅವನನ್ನು ಹೊರಗಿಟ್ಟರು. ಬಡತನದಲ್ಲೇ ಬಾಳು ಸವೆಸಿದ. 1956ರಲ್ಲಿ ಅಲ್ಜೀರಿಯಾ ಮೂಲದ ಇನ್ನೊಬ್ಬ ಓಟಗಾರ ಅಲೆನ್ ಮಿಮೂನ್ ಮೆಲ್ಬರ್ನ್‌ನಲ್ಲಿ ಮ್ಯಾರಥಾನ್ ಗೆದ್ದಾಗ ಫ್ರಾನ್ಸಿಗೆ ಈ ಹಳಬನ ನೆನಪಾಯಿತು. ಇಪ್ಪತ್ತೆಂಟು ವರ್ಷ ಆಗಿತ್ತು. ಓಡುವಾಗ ಕೂಗಿ ಹುರಿದುಂಬಿಸುವವರು ಸಿಗುತ್ತಾರೆ. ನಂತರ?

ಈ ಪ್ರಶ್ನೆಯನ್ನು ದೂರದ ಫ್ರಾನ್ಸಿಗೆ ಕೇಳಬೇಕಾಗಿಲ್ಲ, ಪಕ್ಕದ ಮುಂಡಗೋಡಕ್ಕೇ ಕೇಳಬಹುದು. ಹಾನಗಲ್ಲು ದಾಟಿದರೆ ಮುಂಡಗೋಡ, ಅದರಾಚೆ ಯಲ್ಲಾಪುರ, ಹಳಿಯಾಳ. ಅಲ್ಲಿನ ಸಿದ್ದಿಗಳನ್ನು ನೀವು ಬಲ್ಲಿರಿ. ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಹಳಿಯಾಳದ ಕಡೆ ನಮ್ಮ ಮಸೀದಿಗಳಲ್ಲಿ ಸಾಲಿನಲ್ಲಿ ನಿಲ್ಲುವ ಮುಸ್ಲಿಮರಿದ್ದಾರೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೇಂದ್ರಗಳಿಗೆ ಕರೆದೊಯ್ದಿತು. ಆಫ್ರಿಕಾ ಮೂಲದವರು, ಹುಟ್ಟಿನಿಂದಲೇ ಓಡುತ್ತಾರೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಆ ಲೆಕ್ಕವೇ ನನಗೆ ಸರಿ ಕಾಣುವುದಿಲ್ಲ, ರಕ್ತ ಓಡುವುದಿಲ್ಲ, ಊಟ ಮತ್ತು ಅಭ್ಯಾಸ ಓಡುತ್ತವೆ. ಅದಿರಲಿ. ಮಕ್ಕಳಿಗೆ ಹೊಟ್ಟೆ ತುಂಬ ಊಟ ಸಿಕ್ಕಿತು, ಶೂ ಸಿಕ್ಕಿತು, ಶಾಲೆ ಸಿಕ್ಕಿತು, ತರಬೇತುದಾರರು ಸಿಕ್ಕರು. ಅವರು ಪದಕ ತಂದರು. ಕಮಲಾ ಸಿದ್ದಿ ಎಂಬ ಹೆಣ್ಣುಮಗಳು ಹರ್ಡಲ್ಸ್‌ನಲ್ಲಿ ದೇಶವನ್ನು ಪ್ರತಿನಿಧಿಸಿದಳು. ಆದರೆ ಆರೇ ವರ್ಷಕ್ಕೆ, 1993ರಲ್ಲಿ, ಸಿದ್ದಿಗಳ ಆ ಯೋಜನೆ ನಿಂತುಹೋಯಿತು.

ಅಷ್ಟರಲ್ಲಿ ಹೆಸರು ಮಾಡಿದ್ದ ಕೆಲವರಿಗೆ ಕ್ರೀಡಾ ಕೋಟಾದಲ್ಲಿ ರೈಲ್ವೆಯಂಥ ಕಡೆ ನೌಕರಿ ಸಿಕ್ಕಿತು. ಅವರು ದಡ ಸೇರಿದರು. ಉಳಿದವರು ಕಾಡಂಚಿನ ಹಳ್ಳಿಗಳಿಗೆ, ಕೂಲಿಗೆ ಹಿಂದಿರುಗಿದರು. ಹದಿನಾರು ಹದಿನೇಳರ ವಯಸ್ಸು, ಓದೂ ಅರ್ಧ, ಓಟವೂ ಅರ್ಧ. ಮೊದಲೇ ಯಾರೂ ಬಂದು ಕರೆದಿರದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲವೇನೋ. ಮುಂದೆ ಬಹಳ ವರ್ಷ ಕಳೆದ ಮೇಲೆ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಮುಂಡಗೋಡದ ಕಡೆ ಸಿದ್ದಿ, ಗೌಳಿ ಮಕ್ಕಳೊಂದಿಗೆ ಮತ್ತೆ ಓಟದ ಕೆಲಸ ಶುರುಮಾಡಿದೆ. ಅದು ಚೆನ್ನಾಗಿ ನಡೆಯಲಿ ಎಂದು ದುವಾ ಮಾಡೋಣ.

ದಾನಿಗಳೆ, ಸಿದ್ದಿಗಳ ಈ ಸಂಗತಿಯನ್ನು ನಿಮಗಾಗಿಯೇ ಹೇಳಿದೆ. ಒಬ್ಬ ಹುಡುಗನಿಗೆ ಈ ವರ್ಷ ಶೂ ಕೊಡಿಸಿ, ಫೋಟೋ ತೆಗೆಸಿ, ಮುಂದಿನ ವರ್ಷ ಸಭೆಗೆ ಬೇರೆ ಹುಡುಗನನ್ನು ಕರೆಯುವುದಾದರೆ ಕ್ರೀಡೆಯ ಹೆಸರಿನ ನೆರವೇ ಬೇಡ. ಕೊಡುವುದಾದರೆ ಹತ್ತನೇ ತರಗತಿಯಿಂದ ಪಿಯುಸಿ ಮುಗಿಯುವವರೆಗೆ, ಮೂರು ವರ್ಷ ಕೊಡಿ. ಇಬ್ಬರಿಗೇ ಕೊಡಿ, ಆದರೆ ಮೂರು ವರ್ಷದ ಹಣವನ್ನು ಮೊದಲೇ ತೆಗೆದಿಟ್ಟು ಆಮೇಲೆ ಪ್ರಕಟಣೆ ಹೊರಡಿಸಿ. ಅವನು ಪಂದ್ಯದಲ್ಲಿ ಸೋತರೂ, ಕಾಲು ಮುರಿದುಕೊಂಡರೂ ಓದಿನ ನೆರವು ನಿಲ್ಲುವುದಿಲ್ಲ ಎಂದು ಪ್ರಕಟಣೆಯಲ್ಲೇ ಬರೆಯಿರಿ.

ಹಣ ಯಾವ ಖಾತೆಯಿಂದ ಎಂಬ ಪ್ರಶ್ನೆ ಸರಿಯಾದ ಪ್ರಶ್ನೆ. ಜಕಾತಿನ ಹಣ ಮುಟ್ಟುವಂತಿಲ್ಲ. ಜಕಾತು ಯಾರಿಗೆ ಸಲ್ಲಬೇಕೆಂದು ಸೂರೆ ತೌಬಾದಲ್ಲಿ ಎಂಟು ಬಾಬತ್ತುಗಳನ್ನು ಹೇಳಿದೆ. ಅದರಲ್ಲಿ ಬಡವರಿದ್ದಾರೆ, ಸಾಲದಲ್ಲಿ ಮುಳುಗಿದವರಿದ್ದಾರೆ. ಓಟದ ಬ್ಯಾನರು, ಟೀ ಶರ್ಟು, ಪದಕ ಅದರಲ್ಲಿ ಇಲ್ಲ. ಬಡ ವಿದ್ಯಾರ್ಥಿಯ ಕೈಗೆ ಸೇರುವ ಹಣ ಬೇರೆ, ಕಾರ್ಯಕ್ರಮದ ಖರ್ಚು ಬೇರೆ. ಓಟ ತನ್ನ ಖರ್ಚನ್ನು ತಾನೇ ಹೊರಬೇಕು. ದುಡಿಯುವವರು, ಹೊರಗಿನಿಂದ ಬರುವವರು ಪ್ರವೇಶ ಶುಲ್ಕ ಕೊಡಲಿ, ವಿದ್ಯಾರ್ಥಿಗಳಿಗೆ ಬೇಡ. ಕಡಿಮೆ ಬಿದ್ದರೆ ಸ್ವಇಚ್ಛೆಯ ಸದಕಾ ಹಣದಿಂದ, ಅದೂ ಕೊಟ್ಟವರ ಒಪ್ಪಿಗೆ ಕೇಳಿ. ಎರಡು ಖಾತೆ, ಎರಡು ರಸೀದಿ ಪುಸ್ತಕ. ಮುಂದಿನ ವಾರ್ಷಿಕ ವರದಿಯಲ್ಲಿ ಎರಡನ್ನೂ ಬೇರೆ ಬೇರೆ ಪುಟದಲ್ಲಿ ಅಚ್ಚು ಹಾಕಿಸಿ.

ಖರ್ಚಿನಲ್ಲಿ ಮೊದಲನೆಯದು ನೀರು. ಹಜ್ಜಿಗೆ, ಉಮ್ರಾಕ್ಕೆ ಹೋಗಿ ಬಂದವರು ಇಲ್ಲಿದ್ದೀರಿ. ಸಫಾ ಮತ್ತು ಮರ್ವಾ ಎರಡು ಸಣ್ಣ ಗುಡ್ಡಗಳು. ಎಳೆ ಮಗುವಿಗೆ ನೀರಿಲ್ಲದೆ ಬೀಬಿ ಹಾಜರಾ ಅವುಗಳ ನಡುವೆ ಓಡಾಡಿದರು. ಇಂದಿಗೂ ನಾವು ಏಳು ಸಲ ಆ ದಾರಿ ನಡೆಯುತ್ತೇವೆ, ಒಟ್ಟು ಮೂರು ಕಿ.ಮೀ.ಗೂ ಸ್ವಲ್ಪ ಹೆಚ್ಚು. ಹಸಿರು ದೀಪಗಳ ನಡುವೆ ಗಂಡಸರು ಬಿರುಸಾಗಿ ಹೆಜ್ಜೆ ಹಾಕುತ್ತಾರೆ. ಗುಡ್ಡ, ಓಟ, ನೀರು, ತಾಯಿ ನಮಗೆ ಹೊಸ ಮಾತುಗಳಲ್ಲ.

ಲೆಕ್ಕ ಹೇಳುತ್ತೇನೆ. ನೂರು ಜನ ಓಡಿದರೆ, ದಾರಿಯಲ್ಲಿ ಐದು ಕಡೆ ನೀರು ಇಟ್ಟರೆ, ಪ್ರತಿ ಕಡೆ ಒಬ್ಬರಿಗೆ ಕಾಲು ಲೀಟರ್ ಎಂದರೂ 125 ಲೀಟರ್, ಅರ್ಧ ಲೀಟರ್ ಎಂದರೆ 250. ತಲೆಗೆ ಸುರಿದುಕೊಳ್ಳಲು ಇನ್ನೂ ಅಷ್ಟು. ಟ್ಯಾಂಕರು ಹತ್ತದ ದಾರಿಯಲ್ಲಿ ಕೊಡ ಹೊರಬೇಕು. ಇಷ್ಟೆಲ್ಲ ಹೊತ್ತರೂ ಒಂದು ಅನ್ಯಾಯ ಆಗುತ್ತದೆ. ಮುಂದೆ ಓಡುವವರು ತಂಪು ಹೊತ್ತಿನಲ್ಲಿ ಬಂದು, ಎರಡು ಗುಟುಕು ಕುಡಿದು, ಉಳಿದದ್ದನ್ನು ಚೆಲ್ಲಿ ಹೋಗುತ್ತಾರೆ. ಕೊನೆಗೆ ಬರುವವರು ಬಿಸಿಲೇರಿದ ಮೇಲೆ ಬರುತ್ತಾರೆ, ದಾರಿಯಲ್ಲಿ ಅವರೇ ಹೆಚ್ಚು ಹೊತ್ತು ಇರುತ್ತಾರೆ, ನೀರು ಹೆಚ್ಚು ಬೇಕಾದದ್ದು ಅವರಿಗೇ. ಅವರು ಬರುವ ಹೊತ್ತಿಗೆ ಕೊಡ ಖಾಲಿ, ಸ್ವಯಂಸೇವಕರು ಬಹುಮಾನ ನೋಡಲು ಹೋಗಿರುತ್ತಾರೆ. ಆದ್ದರಿಂದ ಪ್ರತಿ ನಿಲ್ದಾಣದಲ್ಲಿ ಒಂದು ಕೊಡವನ್ನು ಮುಚ್ಚಿ ಇಡಬೇಕು, ಕೊನೆಯ ಇಪ್ಪತ್ತು ಜನರಿಗೆ ಮಾತ್ರ. ಓಟದ ಹಿಂದೆ ಒಬ್ಬ ಅನುಭವಿ, ಕೊನೆಯವನ ಹಿಂದೆಯೇ ಬರಬೇಕು. ಅವನು ದಾಟಿದ ಮೇಲಷ್ಟೇ ನಿಲ್ದಾಣ ಎತ್ತಬೇಕು. ನಾಲ್ಕು ತಾಸು ಸಮಯ ಕೊಡಿ.

ಬರೀ ನೀರೂ ಸಾಲದು. ಬೆವರಿನಲ್ಲಿ ಉಪ್ಪು ಹೋಗುತ್ತದೆ, ಬಾಯಾರಿಕೆಗೆ ಮೀರಿ ಬರೀ ನೀರು ಕುಡಿದರೆ ರಕ್ತದ ಉಪ್ಪು ಇಳಿದು ಪ್ರಾಣಕ್ಕೇ ಕುತ್ತಾಗಬಹುದು. ಉಪ್ಪು ಹಾಕಿದ ಮಜ್ಜಿಗೆ, ಖರ್ಜೂರ, ಬಾಳೆಹಣ್ಣು, ಬೆಲ್ಲ, ಶೇಂಗಾ, ಎಲ್ಲ ನಮ್ಮ ಮನೆಯವೇ. ಯಾರಾದರೂ ಬಿಸಿಲಿಗೆ ತೊದಲತೊಡಗಿದರೆ, ದಿಕ್ಕು ತಪ್ಪಿದವರಂತೆ ಆಡಿದರೆ, 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ಅಲ್ಲೇ ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿಯಬೇಕು. ಮೊದಲು ತಂಪು, ಆಮೇಲೆ ಸಾಗಣೆ. ಸ್ವಯಂಸೇವಕರಿಗೆ ಇದಿಷ್ಟನ್ನಾದರೂ ಬಾಯಿಪಾಠ ಮಾಡಿಸಿ.

ತಾಯಂದಿರೆ, ಹೆಣ್ಣುಮಕ್ಕಳ ಮಾತನ್ನು ಕೊನೆಗೆ ಬಿಟ್ಟೆನೆಂದು ತಿಳಿಯಬೇಡಿ, ಅದು ನಿಮ್ಮ ಜೊತೆಯೇ ಆಡಬೇಕಾದ ಮಾತು. ಏಳನೇ ತರಗತಿಯವರೆಗೆ ಹುಡುಗರನ್ನು ಹಿಂದೆ ಹಾಕುವ ಹುಡುಗಿಯರು ನಮ್ಮ ಶಾಲೆಗಳಲ್ಲಿ ಎಷ್ಟೋ ಜನ. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಮೈದಾನದ ಅಂಚಿನಲ್ಲಿ ಚೀಲ ಕಾಯುತ್ತ ಕೂತಿರುತ್ತಾರೆ. ಯಾರೂ ಬೇಡ ಎಂದಿರುವುದಿಲ್ಲ, ಸುಮ್ಮನೆ ನಿಂತುಬಿಟ್ಟಿರುತ್ತದೆ. ಪ್ರವಾದಿಯವರು (ಸ) ಪ್ರಯಾಣದಲ್ಲಿ ಹಜರತ್ ಆಯಿಷಾ ಅವರೊಂದಿಗೆ ಓಟದ ಪಂದ್ಯ ಆಡಿದ ಸಂಗತಿ ಅಬೂ ದಾವೂದರ ಹದೀಸ್ ಸಂಗ್ರಹದಲ್ಲಿದೆ. ಮೊದಲ ಸಲ ಗೆದ್ದವರು ಆಯಿಷಾ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಚಿನ್ನ ಗೆದ್ದ ಸಿಫಾನ್ ಹಸನ್ ಇಥಿಯೋಪಿಯಾದಲ್ಲಿ ಹುಟ್ಟಿ, ಹದಿಹರೆಯದಲ್ಲೇ ನಿರಾಶ್ರಿತೆಯಾಗಿ ನೆದರ್‌ಲ್ಯಾಂಡ್ಸ್ ಸೇರಿದವರು. ಪದಕ ತೊಡಿಸುವ ವೇದಿಕೆಗೆ ಅವರು ತಲೆವಸ್ತ್ರ ಧರಿಸಿ ಬಂದರು. ಉದ್ದ ತೋಳಿನ ಸಡಿಲ ಅಂಗಿ, ಪ್ಯಾಂಟು, ತಲೆವಸ್ತ್ರ ಹಾಕಿಕೊಂಡೇ ಓಡಬಹುದು. ಓಟದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಬಟ್ಟೆ ಬೆವರು ಹೀರಿ ಬೇಗ ಒಣಗುವಂತಿರಲಿ ಅಷ್ಟೇ. ಹುಡುಗಿಯರಿಗೆ ನಿಜವಾದ ತೊಂದರೆ ಬಟ್ಟೆಯದಲ್ಲ. ಮಬ್ಬುಗತ್ತಲಲ್ಲಿ ಅಭ್ಯಾಸಕ್ಕೆ ಜೊತೆಯಿಲ್ಲ, ದಾರಿಯಲ್ಲಿ ಶೌಚಾಲಯವಿಲ್ಲ. ಅರ್ಜಿ ಕೊಟ್ಟ ಯುವಕರ ಖರ್ಚಿನ ಪಟ್ಟಿಯಲ್ಲಿ ಡಿಜೆ ಇತ್ತು, ಹೆಂಗಸರ ಶೌಚಾಲಯ ಇರಲಿಲ್ಲ. ಡಿಜೆ ತೆಗೆದು ಅದನ್ನು ಸೇರಿಸಿದ ಮೇಲೆಯೇ ಕಮಿಟಿ ಆ ಪಟ್ಟಿಗೆ ಸಹಿ ಹಾಕಬೇಕು ಎಂದು ನಾನು ಕೇಳಿಕೊಳ್ಳುತ್ತೇನೆ.

ಎಲ್ಲರೂ ಇಪ್ಪತ್ತೊಂದು ಕಿ.ಮೀ. ಓಡಬೇಕಾಗಿಲ್ಲ. ಹದಿನೆಂಟು ತುಂಬದವರಿಗೆ ಐದು ಕಿ.ಮೀ. ಇಡಿ, ತಾಯಂದಿರಿಗೆ ಮೂರು ಕಿ.ಮೀ. ನಡಿಗೆ ಇಡಿ. ಊರಿನ ಹಿರಿಯರು ನೀರಿನ ನಿಲ್ದಾಣಗಳಲ್ಲಿ ನಿಲ್ಲಲಿ. ಜಮಾತಿನ ಪ್ರಮುಖರು, ದೇವಸ್ಥಾನದ ಸಮಿತಿಯವರು ಒಂದೇ ನಿಲ್ದಾಣದಲ್ಲಿ ನಿಂತು ಮಜ್ಜಿಗೆ ಹಂಚಿದರೆ ಇನ್ನೂ ಒಳ್ಳೆಯದು.

ವಿದ್ಯಾರ್ಥಿವೇತನದ ಅರ್ಜಿ ನಮೂನೆಯಲ್ಲಿ ಕ್ರೀಡೆ ಎಂಬ ಒಂದು ಅಂಕಣ ಇದೆ. ಬಂದ ಅರ್ಜಿಗಳಲ್ಲಿ ಬಹುತೇಕ ಅದು ಖಾಲಿ, ಇಲ್ಲವೇ ಒಂದು ಗೆರೆ ಎಳೆದಿರುತ್ತದೆ. ಮಗ ಅಥವಾ ಮಗಳು ತಾಲೂಕು ಮಟ್ಟದಲ್ಲಿ ಓಡಿದ್ದರೂ ತಂದೆ-ತಾಯಿ ಬರೆಯುವುದಿಲ್ಲ, ಓದಿನಲ್ಲಿ ಆಸಕ್ತಿ ಕಡಿಮೆ ಎಂದು ಕಮಿಟಿ ತಿಳಿದೀತೆಂಬ ಹೆದರಿಕೆ. ಕಮಿಟಿ ಹಾಗೆ ತಿಳಿಯುವುದಿಲ್ಲ ಎಂದು ಅಧ್ಯಕ್ಷರು ಇದೇ ಸಭೆಯಲ್ಲಿ ಎದ್ದು ಹೇಳಲಿ. ನೀವು ಬರೆಯಿರಿ.

ಬರುವ ಭಾನುವಾರ ಫಜ್ರ್ ಆದ ಮೇಲೆ ಹೊಳೆಯ ದಂಡೆಯಲ್ಲಿ ನಾವು ಕೆಲವರು ಸೇರುತ್ತೇವೆ. ಐದು ಕಿ.ಮೀ., ನಡೆಯುವವರು ನಡೆಯಬಹುದು. ಹೆಣ್ಣುಮಕ್ಕಳ ಗುಂಪಿನ ಜೊತೆ ಇಬ್ಬರು ಶಿಕ್ಷಕಿಯರು ಇರುತ್ತಾರೆ. ಚಪ್ಪಲಿಯಲ್ಲಿ ಬರಬೇಡಿ, ಶಾಲೆಯ ಕ್ಯಾನ್ವಾಸ್ ಶೂ ಸಾಕು. ನೀರಿನ ಬಾಟಲಿ ಒಂದನ್ನು ಮನೆಯಿಂದ ತನ್ನಿ.